ಮರದ ವಿಮಾನಗಳೂ ಬಂಗಾಳದ ಮಳೆಯೂ

ಕಲಕತ್ತೆಯಲ್ಲಿ ನಾಲ್ಕಾರು ಮಳೆಗಾಲ ಕಳೆದ ಯಾವ ಕನ್ನಡ ಸಂಸಾರಕ್ಕೂ ಬಚ್ಚಲುಮನೆಯ ಬಾಗಿಲಿನ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆಷಾಢದಲ್ಲಿ ಬಾಗಿಲು ಉಬ್ಬಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ. ಭಾದ್ರಪದ ಬರುವಷ್ಟರಲ್ಲಿ ಅದರ ತಳದಂಚಿನ ಪ್ಲೈವುಡ್ ಪದರು ಈರುಳ್ಳಿಯ ಸಿಪ್ಪೆಯಂತೆ ಎದ್ದು ನಿಲ್ಲುತ್ತದೆ. ದುರ್ಗಾಪೂಜೆಯ ಗಡಿಬಿಡಿ ಮುಗಿದ ಮೇಲೆ ಬಡಗಿಯನ್ನು ಕರೆಸಿದರೆ ಅವನು ಬಾಗಿಲು ಮಾರಿದವನನ್ನು ದೂರುತ್ತಾನೆ. ಮಾರಿದವನನ್ನು ಕೇಳಿದರೆ ಅವನು ಕಲಕತ್ತೆಯ ಹವೆಯನ್ನು ದೂರುತ್ತಾನೆ. ಹವೆಯನ್ನು ವಿಚಾರಿಸುವವರು ಯಾರು?

ಇದೇ ಮೊಕದ್ದಮೆ 1944ರಲ್ಲಿ ಇದೇ ಬಂಗಾಳ ಮತ್ತು ಅದರ ನೆರೆಯ ಆಕಾಶದಲ್ಲಿ ನಡೆಯಿತು ಎಂದರೆ ಓದುಗರು ನಂಬಲಾರರು. ಅಂದು ಪದರು ಬಿಟ್ಟದ್ದು ಬಾಗಿಲಲ್ಲ, ಗಂಟೆಗೆ ಸುಮಾರು ನಾನೂರು ಮೈಲಿ ವೇಗದಲ್ಲಿ ಹಾರುವ ಯುದ್ಧವಿಮಾನದ ರೆಕ್ಕೆ. ಬೆಲೆ ತೆತ್ತವರು ಇನ್ನೂ ಮೀಸೆ ಬಲಿಯದ ವೈಮಾನಿಕರು. ಆ ವಿಮಾನಗಳನ್ನು ಹಾರಿಸಿದವರಲ್ಲಿ ಅನೇಕರು ಅದರ ಪಾಠ ಕಲಿತದ್ದು ನಮ್ಮ ಯಲಹಂಕ ಮತ್ತು ಕೋಲಾರದಲ್ಲಿ. ಹೀಗಾಗಿ ಇದು ಬಂಗಾಳಕ್ಕೂ ಕನ್ನಡನಾಡಿಗೂ ಸೇರಿದ ಚರಿತ್ರೆಯೇ ಸರಿ.

ಮೊದಲು ಆ ವಿಮಾನದ ಮೈಕಟ್ಟನ್ನು ತಿಳಿಯಬೇಕು. ಎರಡು ತೆಳುವಾದ, ಗಟ್ಟಿಯಾದ ಹೊರಪದರು; ನಡುವೆ ದಪ್ಪನಾದ, ಹಗುರವಾದ ತಿರುಳು; ಮೂರನ್ನೂ ಒಂದಾಗಿ ಹಿಡಿಯುವ ಅಂಟು. ಎಂಜಿನಿಯರುಗಳು ಇದನ್ನು ಸ್ಯಾಂಡ್‌ವಿಚ್ ಹಲಗೆ ಎನ್ನುತ್ತಾರೆ. ನಾವು ಹೋಳಿಗೆ ಎಂದುಕೊಂಡರೆ ತಪ್ಪಿಲ್ಲ. ಹಲಗೆಯನ್ನು ಬಾಗಿಸಿದಾಗ ಒಂದು ಹೊರಪದರು ಎಳೆತಕ್ಕೆ ಸಿಗುತ್ತದೆ, ಇನ್ನೊಂದು ಒತ್ತಡಕ್ಕೆ ಸಿಗುತ್ತದೆ. ತಿರುಳಿನ ಕೆಲಸ ಆ ಎರಡನ್ನೂ ದೂರ ದೂರ ಇಟ್ಟು, ಒಂದರ ಮೇಲೊಂದು ಜಾರದಂತೆ ತಡೆಯುವುದು. ತಿರುಳು ಹಗುರವಾಗಿರುವುದರಿಂದ ತೂಕ ಬೆಳೆಯುವುದಿಲ್ಲ, ಆದರೆ ಬಿಗಿತ ಹತ್ತಾರು ಪಟ್ಟು ಬೆಳೆಯುತ್ತದೆ. ಹೂರಣ ನೀರಾದರೆ ಹೋಳಿಗೆ ಹರಿಯುವುದು ಗೃಹಿಣಿಯರಿಗೆ ಗೊತ್ತು. ಕಣಕವೂ ಹೂರಣವೂ ಒಂದಕ್ಕೊಂದು ಹೊಂದಿಕೊಳ್ಳದಿದ್ದರೂ ಹರಿಯುತ್ತದೆ ಎಂಬುದು ಅದಕ್ಕಿಂತ ಸೂಕ್ಷ್ಮವಾದ ವಿಷಯ. ಮುಂದಿನ ಕಥೆಯೆಲ್ಲ ಈ ಎರಡನೆಯ ಮಾತಿನ ಸುತ್ತ ತಿರುಗುತ್ತದೆ.

ವಿಮಾನದ ಹೆಸರು ಮಾಸ್ಕಿಟೊ, ಎಂದರೆ ಸೊಳ್ಳೆ. ಕಲಕತ್ತೆಗೆ ತಕ್ಕ ಹೆಸರೇ. ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಈ ವಿಮಾನ 1940ರ ನವೆಂಬರ್ 25ರಂದು ಮೊದಲ ಬಾರಿಗೆ ಹಾರಿತು. ಯುದ್ಧಕಾಲದಲ್ಲಿ ಅಲ್ಯೂಮಿನಿಯಂಗೆ ಎಲ್ಲೆಲ್ಲೂ ಬೇಡಿಕೆ. ಲೋಹದ ಕೆಲಸಗಾರರಿಗೆ ಬಿಡುವಿಲ್ಲ. ಮೇಜು ಕುರ್ಚಿ ಮಾಡುವ ಮರಗೆಲಸದವರಿಗೆ ಕೆಲಸವಿಲ್ಲ. ಜೆಫ್ರಿ ಡಿ ಹ್ಯಾವಿಲೆಂಡ್ ಮರದಿಂದಲೇ ಯುದ್ಧವಿಮಾನ ಮಾಡುತ್ತೇನೆಂದು ಹೊರಟಾಗ ಸರ್ಕಾರದ ಕಡೆಯಲ್ಲಿ ನಕ್ಕವರೇ ಹೆಚ್ಚು. ಆದರೆ ವಿಮಾನ ಹಾರಿ ತೋರಿಸಿದ ಮೇಲೆ ನಗು ನಿಂತಿತು. ಕೊನೆಗೆ ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಸೇರಿ 7,781 ಮಾಸ್ಕಿಟೊಗಳು ತಯಾರಾದವು. ಪೀಠೋಪಕರಣದ ಸಣ್ಣ ದೊಡ್ಡ ಕಾರ್ಖಾನೆಗಳೆಲ್ಲ ಅದರ ಭಾಗಗಳನ್ನು ಮಾಡಿಕೊಟ್ಟವು.

ಅದರ ಒಡಲನ್ನು ಕಡಲೆಕಾಯಿ ಸಿಪ್ಪೆಯ ಹಾಗೆ ಎಡ ಬಲ ಎರಡು ಹೋಳುಗಳಲ್ಲಿ ಮಾಡುತ್ತಿದ್ದರು. ಅಚ್ಚಿನ ಮೇಲೆ ಬರ್ಚ್ ಮರದ ತೆಳು ಪ್ಲೈವುಡ್ ಹಾಸಿ, ಅದರ ಮೇಲೆ ಸುಮಾರು ಅರ್ಧ ಅಂಗುಲ ದಪ್ಪದ ಬಾಲ್ಸಾ ಮರದ ಪಟ್ಟಿಗಳನ್ನು ಅಂಟಿಸಿ, ಮೇಲೆ ಮತ್ತೊಂದು ಪದರು ಪ್ಲೈವುಡ್ ಬಿಗಿದು ಒಣಗಿಸುವುದು. ಒಳಗಿನ ತಂತಿ ಕೊಳವೆಗಳನ್ನೆಲ್ಲ ಜೋಡಿಸಿದ ಮೇಲೆ ಎರಡು ಹೋಳುಗಳನ್ನು ಕೂಡಿಸುವುದು. ಬಾಲ್ಸಾ ದಕ್ಷಿಣ ಅಮೆರಿಕದ ಎಕ್ವಡೋರ್ ದೇಶದ ಮರ. ಐದಾರು ವರ್ಷಗಳಲ್ಲೇ ಬೆಳೆದು ನಿಲ್ಲುತ್ತದೆ. ಒಣಗಿದರೆ ನೀರಿನ ಆರನೆಯ ಒಂದು ಪಾಲಿನಷ್ಟೇ ತೂಕ. ನಮ್ಮಲ್ಲಿ ಮದುಮಕ್ಕಳ ಬಾಸಿಂಗಕ್ಕೂ, ಬಂಗಾಳದಲ್ಲಿ ವರನ ಟೋಪೊರಕ್ಕೂ, ದುರ್ಗೆಯ ಅಲಂಕಾರಕ್ಕೂ ಬಳಸುವ ಬೆಂಡನ್ನು ಕೈಯಲ್ಲಿ ಹಿಡಿದವರಿಗೆ ಬಾಲ್ಸಾದ ಹಗುರ ಊಹೆಗೆ ಬರುತ್ತದೆ. ಬೆಂಡು ಜವುಗಿನ ಗಿಡದ್ದು, ಬಾಲ್ಸಾ ನಿಜವಾದ ಮರ. ಆದರೆ ಎರಡರ ಹಗುರಕ್ಕೂ ಕಾರಣ ಒಂದೇ: ಒಳಗೆಲ್ಲ ತೆಳು ಗೋಡೆಯ ಗಾಳಿಗೂಡುಗಳು.

ರೆಕ್ಕೆಯ ರಚನೆ ಸ್ವಲ್ಪ ಬೇರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ತುಂಡಾದ ರೆಕ್ಕೆ. ಒಳಗೆ ಉದ್ದಕ್ಕೂ ಎರಡು ಮರದ ತೊಲೆಗಳು. ಮೇಲ್ಮೈಯಲ್ಲಿ ಎರಡು ಪದರು ಪ್ಲೈವುಡ್, ಅವುಗಳ ನಡುವೆ ಬಾಲ್ಸಾದ ಬದಲು ಫರ್ ಮರದ ಉದ್ದುದ್ದ ರಿಪೀಸುಗಳು. ಇದೂ ಸ್ಯಾಂಡ್‌ವಿಚ್ಚೇ, ತಿರುಳು ಅಖಂಡವಾಗಿಲ್ಲ ಅಷ್ಟೆ. ಈ ಮೇಲ್ಪದರು ತೊಲೆಗೆ ಅಂಟಿಕೊಂಡಿರುವ ಗೆರೆಯನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಎಲ್ಲದರ ಮೇಲೂ ಸಣ್ಣ ನೂಲಿನ ಬಟ್ಟೆಯನ್ನು ಹೊದಿಸಿ ಬಣ್ಣ ಬಳಿಯುತ್ತಿದ್ದರು. ಆ ಬಟ್ಟೆಗೆ ಮಾದಪೊಲ್ಲಂ ಎಂದು ಹೆಸರು. ಗೋದಾವರಿಯ ಮುಖದಲ್ಲಿ, ನರಸಾಪುರದ ಬಳಿ, ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇದ್ದ ಹಳ್ಳಿಯ ಹೆಸರದು. ತೆಲುಗು ನೇಕಾರರ ಊರಿನ ಹೆಸರನ್ನು ಹೊತ್ತ ಬಟ್ಟೆ ಇಂಗ್ಲೆಂಡಿನ ಮಗ್ಗದಲ್ಲಿ ತಯಾರಾಗಿ, ವಿಮಾನದ ಮೈಮೇಲೆ ಕುಳಿತು ಮರಳಿ ಭಾರತಕ್ಕೆ ಬಂತು!

ಅಂಟಿನ ವಿಷಯ. ನಮ್ಮ ಹಳೆಯ ಬಡಗಿಗಳು ವಜ್ರ ಕಾಯಿಸಿ ಮರ ಕೂಡಿಸುತ್ತಿದ್ದರು. ಮೊದಮೊದಲ ಮಾಸ್ಕಿಟೊಗಳಿಗೆ ಬಳಸಿದ್ದು ಕೇಸೀನ್, ಎಂದರೆ ಹಾಲಿನ ಸಾರದಿಂದ ತೆಗೆದ ಅಂಟು. ಒಣಹವೆಯಲ್ಲಿ ಅದು ಬಹಳ ಗಟ್ಟಿ. ಆದರೆ ತೇವದಲ್ಲಿ ಮೆತ್ತಗಾಗುತ್ತದೆ. ಮೊಸರಿಗೆ ಹಿಡಿಯುವ ಬೂಷ್ಟು ಅದಕ್ಕೂ ಹಿಡಿಯುತ್ತದೆ. ಇದನ್ನರಿತು ಕಂಪನಿ ಯೂರಿಯಾ-ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕ ಅಂಟಿಗೆ ಬದಲಾಯಿಸಿತು. ಅಂಥ ಅಂಟುಗಳಲ್ಲಿ ಏರೋಲೈಟ್ ಎಂಬುದನ್ನು ರೂಪಿಸಿದವರು ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್‌ನಲ್ಲಿದ್ದ ವಿಜ್ಞಾನಿ ನಾರ್ಮನ್ ಡಿ ಬ್ರೂಯ್ನ್. ಇದಕ್ಕೆ ಬೂಷ್ಟು ಹಿಡಿಯುವುದಿಲ್ಲ, ತಣ್ಣೀರು ತಗಲುವುದಿಲ್ಲ. ಇಂದು ಅಂಗಡಿಗಳಲ್ಲಿ ಎಂ.ಆರ್. ದರ್ಜೆ ಎಂದು ಮಾರುವ ಅಗ್ಗದ ಪ್ಲೈವುಡ್ಡಿನ ಅಂಟೂ ಸಾಮಾನ್ಯವಾಗಿ ಇದೇ ಜಾತಿಯದು. ಅದಕ್ಕೊಂದು ದೋಷವುಂಟು: ಎರಡು ಮರಗಳು ಬಿಗಿಯಾಗಿ ಕೂಡಿ, ನಡುವೆ ಅಂಟು ತೆಳ್ಳಗೆ ಹರಡಿದ್ದರೆ ಮಾತ್ರ ಅದು ಭದ್ರ. ಕೂಡಿಕೆಯಲ್ಲಿ ಸಂದು ಉಳಿದು ಅಂಟು ದಪ್ಪವಾಗಿ ನಿಂತರೆ, ಒಣಗುವಾಗ ಕುಗ್ಗಿ, ಕೆರೆಯ ಅಂಗಳದ ಮಣ್ಣಿನಂತೆ ಬಿರುಕು ಬಿಡುತ್ತದೆ.

ಇಂಥ ವಿಮಾನವನ್ನು ನಮ್ಮ ದೇಶಕ್ಕೆ ತರಬಹುದೇ ಎಂಬ ಅನುಮಾನ ಬ್ರಿಟಿಷರಿಗೇ ಇತ್ತು. 1943ರಲ್ಲಿ ಕೆಲವೇ ಮಾಸ್ಕಿಟೊಗಳನ್ನು ಹವಾ ಪರೀಕ್ಷೆಗೆಂದು ಕಳುಹಿಸಿದರು. ಅಗರ್ತಲದಲ್ಲಿದ್ದ 27ನೆಯ ಸ್ಕ್ವಾಡ್ರನ್ ಅವನ್ನು ಹಾರಿಸಿ ನೋಡಿತು. ಅದೇ ವರ್ಷ ಆಗಸ್ಟಿನಲ್ಲಿ ಡಮ್‌ಡಮ್‌ಗೆ ಛಾಯಾಚಿತ್ರ ತೆಗೆಯುವ ಮಾಸ್ಕಿಟೊಗಳು ಬಂದವು. ಸೆಪ್ಟೆಂಬರ್ 29ರಂದು ಡಮ್‌ಡಮ್‌ನಲ್ಲೇ 684ನೆಯ ಸ್ಕ್ವಾಡ್ರನ್ ಹುಟ್ಟಿತು. ಜಪಾನೀಯರ ವಶದಲ್ಲಿದ್ದ ಬರ್ಮಾದ ಮೇಲೆ, ಸಯಾಂ ರೈಲುದಾರಿಯ ಮೇಲೆ, ಅಂಡಮಾನಿನ ಮೇಲೆ ಬಹಳ ಎತ್ತರದಲ್ಲಿ ಹಾರಿ ಚಿತ್ರ ತೆಗೆದು ತರುವುದು ಅದರ ಕೆಲಸ. ಬಂದೂಕಿಲ್ಲ, ಬಾಂಬಿಲ್ಲ, ಇಬ್ಬರೇ ಜನ, ವೇಗವೇ ರಕ್ಷಣೆ. 1944ರಲ್ಲಿ ಈ ದಳ ಅಲೀಪುರದ ವಿಮಾನನೆಲೆಗೆ ಬಂತು. ಮೈದಾನದ ರೆಡ್ ರೋಡನ್ನೇ ಯುದ್ಧವಿಮಾನಗಳು ಇಳಿಯುವ ಓಡುದಾರಿಯಾಗಿ ಮಾಡಿಕೊಂಡಿದ್ದ ಕಾಲವದು. ಈ ಸ್ಕ್ವಾಡ್ರನ್ ಹುಟ್ಟಿದ ತಿಂಗಳು ಕಲಕತ್ತೆಯ ರಸ್ತೆಗಳಲ್ಲಿ ಕ್ಷಾಮಪೀಡಿತರು ಅನ್ನ ಬೇಡ, ಗಂಜಿತಿಳಿಯನ್ನಾದರೂ ಕೊಡಿ ಎಂದು ಮನೆಮನೆಯ ಮುಂದೆ ಕೂಗುತ್ತ ಸಾಯುತ್ತಿದ್ದರು. ಮಿಲಿಟರಿ ಚರಿತ್ರೆಯ ಪುಸ್ತಕಗಳಲ್ಲಿ ಆ ಕೂಗು ಕೇಳಿಸುವುದು ಕಡಿಮೆ.

ಪರೀಕ್ಷೆಯ ಫಲ ತೃಪ್ತಿಕರವೆಂದು ಕಂಡಿತು. 1944ರ ಆರಂಭದಿಂದ ಬಾಂಬುದಳಗಳಿಗೂ ಮಾಸ್ಕಿಟೊ ಕೊಡಲು ತೊಡಗಿದರು. ಅದುವರೆಗೆ ವೆಂಜನ್ಸ್ ಎಂಬ ಅಮೆರಿಕನ್ ವಿಮಾನ ಹಾರಿಸುತ್ತಿದ್ದ ದಳಗಳು ಒಂದೊಂದಾಗಿ ದಕ್ಷಿಣಕ್ಕೆ ಬಂದವು. 45ನೆಯ ಸ್ಕ್ವಾಡ್ರನ್ ಫೆಬ್ರವರಿಯಲ್ಲಿ ಯಲಹಂಕಕ್ಕೆ ಬಂದು ಮಾಸ್ಕಿಟೊ ಕಲಿತು, ಬೇಸಗೆಯಲ್ಲಿ ಜಮ್‌ಷೆಡ್‌ಪುರದ ಹತ್ತಿರದ ದಾಲ್ಭೂಮ್‌ಗಢಕ್ಕೆ ಹೋಯಿತು. ಅಲ್ಲಿಂದ ರಾಂಚಿ, ಕೊನೆಗೆ ಸಿಲ್ಚಾರ್ ಬಳಿಯ ಕುಂಭೀರ್‌ಗ್ರಾಮ್. 82ನೆಯ ಸ್ಕ್ವಾಡ್ರನ್ ಕೋಲಾರದಲ್ಲಿ ಕಲಿತು ರಾಂಚಿಗೆ ಬಂತು. ಯಲಹಂಕದ ಒಣಗಾಳಿಯಲ್ಲಿ ನಿಂತಿದ್ದ ಮರ, ಕೆಲವೇ ತಿಂಗಳಲ್ಲಿ ಛೋಟಾನಾಗಪುರದ ಕಾದ ಬಯಲನ್ನೂ ಆಮೇಲೆ ಬಂಗಾಳ ಅಸ್ಸಾಮುಗಳ ಮಳೆಯನ್ನೂ ಕಂಡಿತು ಎಂಬುದನ್ನು ಗಮನಿಸಬೇಕು. ವಿಮಾನವನ್ನು ನಿಲ್ಲಿಸಲು ಮಾಡು ಇರುತ್ತಿದ್ದುದು ಅಪರೂಪ. ಬಯಲಲ್ಲಿ, ಬಿಸಿಲಲ್ಲಿ, ಕೆಸರಲ್ಲಿ ನಿಲ್ಲಬೇಕು.

ಮರಕ್ಕೆ ಈ ಹವೆ ಮಾಡುವುದೇನು? ಮರ ಕಡಿದು ಎಷ್ಟು ವರ್ಷವಾದರೂ ಉಸಿರಾಡುತ್ತಲೇ ಇರುತ್ತದೆ ಎಂದು ಬಡಗಿಗಳು ಹೇಳುವ ಮಾತು ವಿಜ್ಞಾನಕ್ಕೆ ಹತ್ತಿರವೇ ಇದೆ. ಸುತ್ತಲಿನ ಗಾಳಿಯ ತೇವಕ್ಕೆ ತಕ್ಕಂತೆ ಅದು ನೀರನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇಕಡಾ 40 ಇದ್ದರೆ ಮರದ ತೂಕದ ನೂರರಲ್ಲಿ ಏಳೆಂಟು ಪಾಲು ನೀರು ನಿಲ್ಲುತ್ತದೆ. ನಮ್ಮ ಶ್ರಾವಣದ ಶೇಕಡಾ 85ರ ಗಾಳಿಯಲ್ಲಿ ಅದು ಹದಿನೇಳು ಹದಿನೆಂಟಕ್ಕೆ ಏರುತ್ತದೆ. ಹೀಗೆ ಏರುವ ಒಂದೊಂದು ಅಂಶಕ್ಕೂ ಮರದ ಬಲ ನೂರಕ್ಕೆ ಮೂರರಿಂದ ಆರರಷ್ಟು ಇಳಿಯುತ್ತದೆ. ಯಾವ ಬಗೆಯ ಬಲ ಎಂಬುದರ ಮೇಲೆ ಲೆಕ್ಕ ಬೇರೆಯಾಗುತ್ತದೆ. ಬಾಲ್ಸಾದ ತಿರುಳಿಗೂ ಇದೇ ನಿಯಮ. ಹೊರಪದರುಗಳು ಜಾರದಂತೆ ತಡೆಯುವ ಅದರ ಶಕ್ತಿ ಮಳೆಗಾಲದಲ್ಲಿ ತಗ್ಗುತ್ತದೆ, ಚಳಿಗಾಲದ ಒಣಹವೆಯಲ್ಲಿ ಮರಳಿ ಬರುತ್ತದೆ. ವಿನ್ಯಾಸಕಾರರು ಇದನ್ನು ಬಲ್ಲರು. ಲೆಕ್ಕದಲ್ಲಿ ಅದಕ್ಕೆ ಅವಕಾಶ ಇಟ್ಟಿರುತ್ತಾರೆ. ತೇವ ಹೆಚ್ಚುಕಾಲ ನಿಂತು ಕೊಳೆಸುವ ಬೂಷ್ಟು ಹತ್ತಿದರೆ ಮಾತ್ರ ಬಲ ಮರಳಿ ಬರುವ ಮಾತಿಲ್ಲ.

ಬಲ ತಗ್ಗುವುದಕ್ಕಿಂತಲೂ ಅಪಾಯಕರವಾದದ್ದು ಉಬ್ಬುವುದು ಮತ್ತು ಕುಗ್ಗುವುದು. ಮರ ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಡ್ಡಕ್ಕೆ ಮಾತ್ರ ಉಬ್ಬುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ನಾರು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇರುವುದರಿಂದ ಅವು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಆದರೆ ಅದರ ಕೆಳಗಿನ ತೊಲೆ ಇಡಿಯ ಮರ. ಅದು ತನ್ನ ಪಾಡಿಗೆ ಅಡ್ಡಡ್ಡ ಉಬ್ಬಿ ಕುಗ್ಗುತ್ತದೆ. ಜಗಳವಾಡುವ ಈ ಇಬ್ಬರ ನಡುವೆ ಸಿಕ್ಕಿಬಿದ್ದದ್ದು ಅಂಟಿನ ತೆಳುಗೆರೆ. ಅದು ಸರಿಯಾಗಿ ಕೂಡಿದ್ದರೆ ತಾಳಿಕೊಳ್ಳುತ್ತದೆ. ಸಂದು ಉಳಿದ ಕಡೆ, ಅಂಟು ದಪ್ಪವಾಗಿ ಬಿರಿದ ಕಡೆ, ಒಂದೊಂದು ಮಳೆಗಾಲಕ್ಕೂ ಸೀಳು ಸ್ವಲ್ಪ ಸ್ವಲ್ಪ ಮುಂದೆ ಸರಿಯುತ್ತದೆ. ಸೀಳಿನೊಳಗೆ ಮಳೆನೀರು ಇಳಿಯುತ್ತದೆ. ಬಚ್ಚಲ ಬಾಗಿಲು ತಳದಂಚಿನಿಂದಲೇ ಪದರು ಬಿಡುವುದೂ ಇದಕ್ಕೇ: ಕೊಯ್ದ ಅಂಚಿಗೆ ಬಡಗಿ ಬಣ್ಣ ಬಳಿದಿರುವುದಿಲ್ಲ, ನೀರಿಗೆ ಅದೇ ಹೆಬ್ಬಾಗಿಲು.

1944ರ ಮಳೆಗಾಲ ಮುಗಿಯುತ್ತ ಬಂದಾಗ, ಅಕ್ಟೋಬರ್ ನವೆಂಬರಿನಲ್ಲಿ, ಈ ಕಡೆಯ ಮಾಸ್ಕಿಟೊಗಳು ಆಕಾಶದಲ್ಲಿ ಒಡೆದು ಬೀಳತೊಡಗಿದವು. ಶತ್ರುವಿನ ಗುಂಡಿಲ್ಲ, ಬಿರುಗಾಳಿಯಿಲ್ಲ. ಅಭ್ಯಾಸಕ್ಕೆಂದು ಕೆಳಗೆರಗಿ ಮೇಲೇಳುವಾಗ, ರೆಕ್ಕೆಗೆ ಹೆಚ್ಚು ಭಾರ ಬೀಳುವ ಗಳಿಗೆಯಲ್ಲಿ, ಮೇಲ್ಪದರು ತೊಲೆಯಿಂದ ಬಿಟ್ಟು ಮೇಲೇಳುವುದು, ರೆಕ್ಕೆ ಹೋಗುವುದು. ನವೆಂಬರಿನಲ್ಲಿ ಅಧಿಕಾರಿಗಳು ಮಾಸ್ಕಿಟೊಗಳ ಹಾರಾಟವನ್ನು ನಿಲ್ಲಿಸಿ, ಪ್ರತಿಯೊಂದನ್ನೂ ತೆರೆದು ನೋಡಲು ಆಜ್ಞೆ ಮಾಡಿದರು. ಬರ್ಮಾದ ದೊಡ್ಡ ದಂಡಯಾತ್ರೆ ಆರಂಭವಾಗುವ ಹೊತ್ತು. ದಳಗಳಿಗೆ ದಳಗಳೇ ನೆಲದ ಮೇಲೆ ಕುಳಿತವು. ಅಂಟಿನ ಗೆರೆಯ ಒಳಗೆ ಏನಾಗಿದೆ ಎಂಬುದು ಹೊರಗಿನಿಂದ ಕಾಣದು. ಕಣ್ಣಿಗೆ ಗಟ್ಟಿಮುಟ್ಟಾಗಿ ತೋರುವ ರೆಕ್ಕೆಯೇ ಸಂದೇಹದ್ದು. ತಾನು ನಿನ್ನೆ ಹಾರಿಸಿದ ವಿಮಾನದ ಅಂಟು ಹಿಡಿದಿತ್ತೋ ಇಲ್ಲವೋ ಎಂದು ಯೋಚಿಸುತ್ತ ಮಲಗಿದ ವೈಮಾನಿಕನ ಮನಃಸ್ಥಿತಿ ಹೇಗಿದ್ದೀತು!

ಇಂಗ್ಲೆಂಡಿನಿಂದ ತನಿಖೆಗೆ ಬಂದವರು ಮೇಜರ್ ಹಿಯರ್‌ವರ್ಡ್ ಡಿ ಹ್ಯಾವಿಲೆಂಡ್. ಕಂಪನಿಯ ಸ್ಥಾಪಕ ಜೆಫ್ರಿಯವರ ತಮ್ಮ. ಡಿಸೆಂಬರ್ ಆರಂಭದಲ್ಲಿ ಅವರ ವರದಿ ಸಿದ್ಧವಾಯಿತು: ಅಂಟು ಕೆಟ್ಟದ್ದರಿಂದ ಅಪಘಾತವಾಗಲಿಲ್ಲ, ಮಳೆಗಾಲದಲ್ಲಿ ಮರ ಕುಗ್ಗಿದ್ದರಿಂದ ಆಯಿತು. ಮಳೆಗಾಲದಲ್ಲಿ ಮರ ಉಬ್ಬುವುದಲ್ಲವೆ, ಕುಗ್ಗುವುದು ಎಲ್ಲಿಯದು ಎಂದು ನಮ್ಮ ಹಳ್ಳಿಯ ಬಡಗಿಯೂ ಕೇಳಿಯಾನು. ಮಳೆ ಬಿಸಿಲುಗಳ ಸರದಿಯಲ್ಲಿ ಉಬ್ಬಿ, ಒಣಗುವಾಗ ಕುಗ್ಗಿ ಸೀಳಿತು ಎಂದು ಅದನ್ನು ಓದಿಕೊಂಡರೆ ಅರ್ಥವಾಗುತ್ತದೆ. ಅಪಘಾತಗಳು ಮಳೆಯ ನಡುವೆ ಬರದೆ, ಮಳೆ ತೀರಿದ ಮೇಲೆ ಬಂದದ್ದೂ ಅದಕ್ಕೆ ಹೊಂದುತ್ತದೆ. ಅಂತೂ ಹವೆಯ ಮೇಲೆ ಆರೋಪ ಸಾಬೀತಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ಇಂಗ್ಲಿಷಿನವರಿಗೆ ಗೊತ್ತಿರಲಿಕ್ಕಿಲ್ಲ.

ಮೊಕದ್ದಮೆ ಅಲ್ಲಿಗೆ ಮುಗಿಯಲಿಲ್ಲ. ಆಮೇಲೆ ಕ್ಯಾಬಟ್ ಮತ್ತು ಮೈಯರ್ಸ್ ಎಂಬವರು ನಡೆಸಿದ ವಿಚಾರಣೆ, ತಪ್ಪು ತಯಾರಿಕೆಯದೇ ಎಂದು ಖಚಿತವಾಗಿ ಹೇಳಿತು. ವಿಮಾನೋತ್ಪಾದನಾ ಮಂತ್ರಾಲಯದ ತನಿಖಾ ತಂಡ ಇಂಗ್ಲೆಂಡಿನ ಡೆಫರ್ಡ್‌ನಲ್ಲಿ ಬೇರೆ ಬೇರೆ ಆರು ಮಾದರಿಯ ಮಾಸ್ಕಿಟೊಗಳನ್ನು ಬಿಚ್ಚಿ ನೋಡಿತು. ಅವು ಹ್ಯಾಟ್‌ಫೀಲ್ಡ್ ಮತ್ತು ಲೀವ್ಸ್‌ಡನ್ ಕಾರ್ಖಾನೆಗಳಲ್ಲಿ ತಯಾರಾದವು. ಬಂಗಾಳದ ಮಳೆ ಅವಕ್ಕೆ ಸೋಕಿರಲಿಲ್ಲ, ನಮ್ಮ ಗೆದ್ದಲು ಅವನ್ನು ಮುಟ್ಟಿರಲಿಲ್ಲ. ಆದರೂ ಅಂಥವೇ ದೋಷಗಳು ಸಿಕ್ಕವು. ಕೂಡಿಕೆಗಳಲ್ಲಿ ಅಂಟಿನ ಕೆಲಸ ಇರಬೇಕಾದ ಮಟ್ಟದಲ್ಲಿ ಇಲ್ಲವೆಂದು ತಂಡ ಬರೆದಿಟ್ಟಿತು. ಮಾಸ್ಕಿಟೊ ಹಿಡಿತ ತಪ್ಪಿ ಬಿದ್ದ ಅಪಘಾತಗಳು ಬೇರೆ ಯಾವುದೇ ವಿಮಾನಕ್ಕಿಂತ ಮೂರು ಪಟ್ಟು ಎಂದು ಅಂದಿನ ದಾಖಲೆಗಳೇ ತೋರಿಸುತ್ತಿದ್ದವು. ಇಷ್ಟಿದ್ದೂ ಬ್ರಿಟಿಷ್ ವಾಯು ಮಂತ್ರಾಲಯ ಬಹಿರಂಗವಾಗಿ ಹಿಡಿದದ್ದು ಮೊದಲಿನ ವರದಿಯನ್ನೇ: ಬಹುಮಟ್ಟಿಗೆ ಹವೆಯೇ ಕಾರಣ. ಯುದ್ಧ ನಡೆಯುತ್ತಿರುವಾಗ ಕಾರ್ಖಾನೆಯ ಮೇಲಿನ, ವಿಮಾನದ ಮೇಲಿನ ನಂಬಿಕೆ ಕದಡಬಾರದು ಎಂಬುದು ಅವರ ಲೆಕ್ಕ. ಆ ಲೆಕ್ಕ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ವಿಮಾನದಲ್ಲಿ ಕುಳಿತವನಿಗೆ ಸತ್ಯ ತಿಳಿಯುವ ಹಕ್ಕು ಮಂತ್ರಾಲಯಕ್ಕಿಂತ ಹೆಚ್ಚು.

ಹಾಗೆಂದು ಹವೆಗೆ ಪೂರ್ತಿ ಬಿಡುಗಡೆ ಕೊಡುವುದೂ ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ ಒಂದೇ ಬಗೆಯ ತೇವದಲ್ಲಿ ಇದ್ದಿದ್ದರೆ ಹಲವು ವರ್ಷ ಅಡಗಿರಬಹುದಾಗಿದ್ದ ದೋಷವನ್ನು ಇಲ್ಲಿನ ಒಂದು ಬೇಸಗೆ, ಒಂದು ಮಳೆಗಾಲ ಹೊರಗೆಳೆದವು. ದುರಸ್ತಿಯನ್ನೂ ಎರಡನ್ನೂ ಗಮನದಲ್ಲಿಟ್ಟೇ ಮಾಡಿದರು. ರೆಕ್ಕೆಯ ಮೇಲ್ಪದರು ಕೂಡುವ ಗೆರೆಯ ಉದ್ದಕ್ಕೂ ಪ್ಲೈವುಡ್ಡಿನ ಒಂದು ಪಟ್ಟಿಯನ್ನು ಅಂಟಿಸಿ ನೀರಿಳಿಯುವ ದಾರಿ ಮುಚ್ಚಿದರು. ಕಡತಗಳಲ್ಲಿ ಇದಕ್ಕೆ 638ನೆಯ ಮಾರ್ಪಾಡು ಎಂದು ಹೆಸರು. ಕಡುಹಸಿರು ಬಣ್ಣ ಬಿಸಿಲನ್ನು ಹೀರುತ್ತದೆಂದು ಈ ಭಾಗದ ಮಾಸ್ಕಿಟೊಗಳಿಗೆ ಬೆಳ್ಳಿಯ ಬಣ್ಣ ಬಳಿದರು. ತಪಾಸಣೆಯಲ್ಲಿ ಗೆದ್ದವು ಮತ್ತೆ ಹಾರಿದವು. 1945ರಲ್ಲಿ ಮಧ್ಯ ಬರ್ಮಾದ ಯುದ್ಧದಲ್ಲಿ ಪಾಲುಗೊಂಡವು.

ಹವೆಯ ಪರ ವಕಾಲತ್ತು ಮಾಡುವವರಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಡಮ್‌ಡಮ್‌ನಲ್ಲಿ ಹುಟ್ಟಿದ ಆ 684ನೆಯ ದಳವೇ. ಯುದ್ಧ ಮುಗಿದ ಮೇಲೆ 1946ರ ಸೆಪ್ಟೆಂಬರಿನಲ್ಲಿ ಅದಕ್ಕೆ 81 ಎಂಬ ಹೊಸ ಸಂಖ್ಯೆ ಬಂತು. ನೆಲೆ ಸಿಂಗಪುರದ ಸೆಲೆಟಾರ್. ಸಮಭಾಜಕ ವೃತ್ತದ ಹತ್ತಿರದ ಆ ಊರಿಗೆ ಕಲಕತ್ತೆಯ ಚಳಿಗಾಲದ ಒಣಹವೆಯ ಭಾಗ್ಯವೂ ಇಲ್ಲ, ವರ್ಷವಿಡೀ ಬೆವರು. ಅಲ್ಲಿ ಆ ದಳ ಮಾಸ್ಕಿಟೊಗಳನ್ನು ಇನ್ನೂ ಒಂಬತ್ತು ವರ್ಷ ಹಾರಿಸಿತು. ಬ್ರಿಟಿಷ್ ವಾಯುಪಡೆಯ ಕಟ್ಟಕಡೆಯ ಕಾರ್ಯನಿರತ ಮಾಸ್ಕಿಟೊ ಹಾರಿದ್ದು 1955ರ ಡಿಸೆಂಬರ್ 15ರಂದು, ಅದೇ ದಳದಿಂದ. ಸರಿಯಾಗಿ ಅಂಟಿಸಿ, ಅಂಚು ಮುಚ್ಚಿ, ಕಾಲಕಾಲಕ್ಕೆ ನೋಡಿಕೊಂಡ ಮರ ಉಷ್ಣವಲಯದಲ್ಲೂ ಬಾಳಿತು.

ಇತ್ತ ಬೆಂಗಳೂರು. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಯುದ್ಧಕಾಲದಲ್ಲಿ ಮಿತ್ರಪಡೆಗಳ ವಿಮಾನ ದುರಸ್ತಿಯ ಕೇಂದ್ರವಾಗಿತ್ತು. ಸ್ವಾತಂತ್ರ್ಯಾನಂತರ, ಐವತ್ತರ ದಶಕದಲ್ಲಿ, ಅಲ್ಲಿ ಪರವಾನಗಿಯ ಮೇಲೆ ತಯಾರಾದ ಮೊದಲ ಜೆಟ್ ವಿಮಾನ ವ್ಯಾಂಪೈರ್. ಅದೂ ಡಿ ಹ್ಯಾವಿಲೆಂಡರದೇ. ರೆಕ್ಕೆ, ಬಾಲ ಲೋಹದವು. ವೈಮಾನಿಕ ಕೂಡುವ ಮುಂದಿನ ಒಡಲು ಮಾತ್ರ ಮಾಸ್ಕಿಟೊವಿನದೇ ವಂಶ, ಬಾಲ್ಸಾದ ತಿರುಳು, ಪ್ಲೈವುಡ್ಡಿನ ಹೊರಪದರು. ಜೆಟ್ ಯುಗದ ವಿಮಾನದೊಳಗೆ ಮರಗೆಲಸ! ಬೆಂಗಳೂರಿನಲ್ಲಿ ಹೊರಬಂದ ಈ ವಿಮಾನಗಳು ಭಾರತೀಯ ವಾಯುಪಡೆಯಲ್ಲಿ, ತರಬೇತಿಯ ಮಾದರಿಗಳನ್ನೂ ಸೇರಿಸಿದರೆ, ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದವು. ಅದೇ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರು ರೂಪಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟ್ 5ರಂದು ಹಾರಿತು. ಅದು ಪೂರ್ತಿ ಲೋಹದ್ದು.

ಲೋಹವಾದರೆ ಹವೆಯ ಕಾಟ ತಪ್ಪಿತು ಎಂದುಕೊಂಡವರಿಗೆ ಕಲಕತ್ತೆ ಇನ್ನೊಂದು ಪಾಠ ಇಟ್ಟುಕೊಂಡಿತ್ತು. 1953ರ ಮೇ 2ರ ಸಂಜೆ ಡಮ್‌ಡಮ್‌ನಿಂದ ದಿಲ್ಲಿಗೆ ಹೊರಟ ಕಾಮೆಟ್ ಜೆಟ್ ವಿಮಾನ ಆರು ನಿಮಿಷದಲ್ಲಿ ಕಾಲಬೈಶಾಖಿಯ ಮೋಡದೊಳಗೆ ಒಡೆದು ಹೂಗ್ಲಿ ಜಿಲ್ಲೆಯ ಹೊಲಗಳಲ್ಲಿ ಬಿತ್ತು. ಒಳಗಿದ್ದ 43 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಕಾಮೆಟ್ ಕೂಡ ಡಿ ಹ್ಯಾವಿಲೆಂಡರ ವಿಮಾನ. ಬಿರುಗಾಳಿಯ ಹೊಡೆತಕ್ಕೋ, ಅದರೊಳಗೆ ವೈಮಾನಿಕ ಚುಕ್ಕಾಣಿಯನ್ನು ಅತಿಯಾಗಿ ಎಳೆದದ್ದಕ್ಕೋ ರಚನೆ ಮುರಿಯಿತು ಎಂದು ತನಿಖೆ ತೀರ್ಮಾನಿಸಿತು. ಮರುವರ್ಷ ಮೆಡಿಟರೇನಿಯನ್ ಸಮುದ್ರದ ಮೇಲೆ ಇನ್ನೆರಡು ಕಾಮೆಟ್‌ಗಳು ಒಡೆದಾಗ ಲೋಹದ ದಣಿವು ಎಂಬ ರೋಗ ಲೋಕಕ್ಕೆ ತಿಳಿಯಿತು. ಕಲಕತ್ತೆಯ ಕಾಮೆಟ್‌ಗೂ ಆ ರೋಗಕ್ಕೂ ನಂಟು ಕಟ್ಟಲು ನಾನು ಹೋಗುವುದಿಲ್ಲ. ಅಲ್ಲಿ ಬಿರುಗಾಳಿ ನಿಜವಾಗಿಯೂ ಇತ್ತು.

ಸ್ಯಾಂಡ್‌ವಿಚ್ ಹಲಗೆ ಮಾತ್ರ ಮರದೊಂದಿಗೆ ಸಾಯಲಿಲ್ಲ. ಬಾಲ್ಸಾದ ಜಾಗಕ್ಕೆ ಜೇನುಹಟ್ಟಿನಂಥ ಕೋಶಗಳುಳ್ಳ ಅಲ್ಯೂಮಿನಿಯಂ, ರಾಳದಲ್ಲಿ ಅದ್ದಿದ ನೋಮೆಕ್ಸ್ ಕಾಗದ, ನೊರೆಯಂಥ ಪ್ಲಾಸ್ಟಿಕ್ ಬಂದವು. ಪ್ಲೈವುಡ್ಡಿನ ಜಾಗಕ್ಕೆ ಗಾಜಿನ ನಾರು, ಇಂಗಾಲದ ನಾರು. ಬಾಲ್ಸಾವನ್ನೂ ಪೂರ್ತಿ ಬಿಟ್ಟಿಲ್ಲ. ಗಾಳಿಯಂತ್ರದ ಉದ್ದನೆಯ ಅಲಗುಗಳೊಳಗೆ ಅದು ಇಂದಿಗೂ ಇದೆ. ವೈರಿ ಮಾತ್ರ ಹಳೆಯವನೇ. ನೀರು ಅಂಚಿನಿಂದಲೋ, ಮೊಳೆಯ ತೂತಿನಿಂದಲೋ ಒಳಗೆ ಇಳಿಯುತ್ತದೆ. ಅಲ್ಯೂಮಿನಿಯಂ ಗೂಡಾದರೆ ತುಕ್ಕು ಹಿಡಿಸುತ್ತದೆ. ವಿಮಾನ ಮೇಲೇರಿದಾಗ ಗೂಡಿನೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಇಳಿದಾಗ ಕರಗುತ್ತದೆ. ಹೀಗೆ ಸಾವಿರ ಸಲ. 2005ರ ಮಾರ್ಚ್ 6ರಂದು ಕ್ಯೂಬಾದಿಂದ ಕೆನಡಾಕ್ಕೆ ಹೊರಟ ಏರ್‌ಬಸ್ ವಿಮಾನವೊಂದರ ಬಾಲದ ಚುಕ್ಕಾಣಿಹಲಗೆ ಸಮುದ್ರದ ಮೇಲೆ ಕಿತ್ತುಹೋಯಿತು. ಪುಣ್ಯಕ್ಕೆ ಎಲ್ಲರೂ ಬದುಕಿ ಹಿಂದಿರುಗಿದರು. ಅದು ಜೇನುಹಟ್ಟಿನ ತಿರುಳಿನ ಸ್ಯಾಂಡ್‌ವಿಚ್ ಹಲಗೆ. ತಿರುಳಿನಿಂದ ಹೊರಪದರು ಬಿಟ್ಟುಕೊಂಡದ್ದೋ ತಿರುಳೇ ಸೀಳಿದ್ದೋ ಕಣ್ಣಿಗೆ ಕಾಣದೆ ಬೆಳೆಯುತ್ತ ಬಂದು ಹಾಗಾಯಿತೆಂದು ತನಿಖೆಯವರು ಬರೆದರು. 1944ರಲ್ಲಿ ರಾಂಚಿಯಲ್ಲೋ ಕುಂಭೀರ್‌ಗ್ರಾಮದಲ್ಲೋ ರೆಕ್ಕೆಯನ್ನು ಬೆರಳಿಂದ ತಟ್ಟಿ ಸದ್ದು ಕೇಳಿ ನೋಡಿದ ಮೆಕಾನಿಕನಿಗೆ ಇದು ಹೊಸ ಸುದ್ದಿಯಾಗುತ್ತಿರಲಿಲ್ಲ.

ಆದುದರಿಂದ ಈಗ ಯಾವ ತಿರುಳನ್ನೂ ಒಣ ಸ್ಥಿತಿಯ ಬಲವನ್ನು ನಂಬಿ ವಿಮಾನಕ್ಕೆ ಹಾಕುವುದಿಲ್ಲ. ಅದರ ತುಂಡುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಬಿಸಿಯಾದ ತೇವದ ಗಾಳಿಯಲ್ಲಿ ವಾರಗಟ್ಟಲೆ ನೆನೆಸುತ್ತಾರೆ. ದಿನವೂ ತೂಗಿ, ಇನ್ನು ನೀರು ಕುಡಿಯುವುದಿಲ್ಲ ಎಂದು ಖಚಿತವಾದ ಮೇಲೆ ಅದೇ ಬಿಸಿಯಲ್ಲಿ ಒತ್ತಿ, ಎಳೆದು, ಜಾರಿಸಿ ಮುರಿಯುತ್ತಾರೆ. ಹಾಗೆ ಸಿಕ್ಕ ಕಡಿಮೆ ಬಲವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇಡುವ ಆರ್ದ್ರತೆ ಶೇಕಡಾ 85. ಲೋಕದಲ್ಲೆಲ್ಲ ವಿಮಾನವೊಂದು ದೀರ್ಘಕಾಲ ನಿಲ್ಲಬಹುದಾದ ಅತಿ ತೇವದ ಹವೆಗೆ ಅದೇ ಸರಿಯಾದ ಅಂಕಿ ಎಂದು ವಿಮಾನರಂಗದ ಕೈಪಿಡಿಗಳು ಒಪ್ಪಿಕೊಂಡಿವೆ. ನಮ್ಮ ಕಲಕತ್ತೆಯ ಆಗಸ್ಟ್ ತಿಂಗಳ ಸರಾಸರಿ ಅದರ ಆಸುಪಾಸಿನಲ್ಲೇ ಇದೆ. ಶಾಖವನ್ನು ಮಾತ್ರ 70 ಡಿಗ್ರಿಯವರೆಗೆ ಏರಿಸಿಡುತ್ತಾರೆ. ನೀರು ಬೇಗ ಒಳಗಿಳಿಯಲಿ, ವರ್ಷಗಟ್ಟಲೆ ಕಾಯುವುದು ತಪ್ಪಲಿ ಎಂದು.